ಯಾವ ಕನ್ಸೋಲ್, ಯಾವ ಆಟ, ಯಾರ ಮಾತು

ಟಿವಿಗೆ ಜೋಡಿಸಿ ಆಡಲೆಂದೇ ರೂಪಿಸಿದ ಕಂಪ್ಯೂಟರ್‌ಗೆ ಗೇಮ್ ಕನ್ಸೋಲ್ ಎನ್ನುತ್ತಾರೆ. ಈ ಮಾರುಕಟ್ಟೆ ಇಂದು ಬಹುಪಾಲು ಮೂರು ಕಂಪನಿಗಳ ಕೈಯಲ್ಲಿದೆ. ಸೋನಿಯದು ಪ್ಲೇಸ್ಟೇಷನ್, ಮೈಕ್ರೋಸಾಫ್ಟ್‌ನದು ಎಕ್ಸ್‌ಬಾಕ್ಸ್, ನಿಂಟೆಂಡೊದ್ದು ಸ್ವಿಚ್. ಸ್ವಿಚ್ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯಾಗದ ಕಾರಣ ಮಂಗಳೂರಿನಂಥ ಊರಿನಲ್ಲಿ ವಾದ ನಡೆಯುವುದು ಹೆಚ್ಚಾಗಿ ಮೊದಲ ಎರಡರ ನಡುವೆ. ಯಾವುದು ಮೇಲು, ಯಾವ ಆಟಕ್ಕೆ ಕೊಟ್ಟ ದುಡ್ಡು ಸಾರ್ಥಕ, ಯಾರ ವಿಮರ್ಶೆಯನ್ನು ನಂಬಬೇಕು ಎಂಬ ಮೂರು ಪ್ರಶ್ನೆಗಳ ಸುತ್ತ ಆಟಗಾರರ ಅಭಿಪ್ರಾಯಗಳೆಲ್ಲ ಸುತ್ತುತ್ತವೆ. ಈ ಮೂರಕ್ಕೂ ಉತ್ತರ ಕಂಪನಿಗಳ ಜಾಹೀರಾತಿಗಿಂತ ಆಡುವವರ ಮನೆಯ ಸ್ಥಿತಿಗತಿಯಲ್ಲೇ ಹೆಚ್ಚು ಸಿಗುತ್ತದೆ.

ಪೈಪೋಟಿಯ ಬೇರು ವ್ಯಾಪಾರದ ಲೆಕ್ಕದಲ್ಲಿದೆ. ಕನ್ಸೋಲ್ ಮಾರಾಟದಿಂದ ಎಂದೂ ಲಾಭ ಬಂದಿಲ್ಲ ಎಂದು ಎಕ್ಸ್‌ಬಾಕ್ಸ್ ವಿಭಾಗದ ಅಧಿಕಾರಿಯೊಬ್ಬರು 2021ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ಯಂತ್ರವನ್ನು ಅಗ್ಗವಾಗಿ ಕೊಟ್ಟು, ಅದರಲ್ಲಿ ಮಾರಾಟವಾಗುವ ಪ್ರತಿ ಆಟದಿಂದ ಪಾಲು ಪಡೆಯುವುದು ಇಲ್ಲಿನ ಕ್ರಮ. ಆದ್ದರಿಂದ ಒಂದು ಮನೆಗೆ ಕನ್ಸೋಲ್ ಹೊಕ್ಕಿತೆಂದರೆ ಹಲವು ವರ್ಷಗಳ ಗಿರಾಕಿ ಸಿಕ್ಕಂತೆ. ಬೇರೆಲ್ಲೂ ಸಿಗದ ಆಟಗಳನ್ನು ತಮ್ಮ ಯಂತ್ರಕ್ಕಷ್ಟೇ ಕಟ್ಟಿಹಾಕುವ ಪದ್ಧತಿ ಬೆಳೆದದ್ದೂ ಇದೇ ಕಾರಣಕ್ಕೆ.

1990ರ ದಶಕದ ಮೊದಲರ್ಧದಲ್ಲಿ ಈ ಜಗಳ ನಿಂಟೆಂಡೊ ಮತ್ತು ಸೆಗಾ ನಡುವೆ ಇತ್ತು. ನಿಂಟೆಂಡೊದ ಮಾರಿಯೊ ಎಂಬ ಆಟದ ಪಾತ್ರಕ್ಕೆ ಎದುರಾಗಿ ಸೆಗಾ 1991ರಲ್ಲಿ ಸೋನಿಕ್‌ನನ್ನು ತಂದಿತು. ನಿಂಟೆಂಡೊ ಜೊತೆಗಿನ ಒಪ್ಪಂದ ಮುರಿದುಬಿದ್ದ ಮೇಲೆ ಸೋನಿ ತನ್ನದೇ ದಾರಿ ಹಿಡಿದು, 1994ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್ ಬಿಡುಗಡೆ ಮಾಡಿತು. ಮರುವರ್ಷ ಅಮೆರಿಕದಲ್ಲಿ ಸೆಗಾದ ಸ್ಯಾಟರ್ನ್‌ಗೆ 399 ಡಾಲರ್ ಬೆಲೆಯಿದ್ದಾಗ ಸೋನಿ 299 ಡಾಲರ್ ಎಂದು ಘೋಷಿಸಿದ್ದು ದೊಡ್ಡ ಪೆಟ್ಟಾಯಿತು. 2001ರಲ್ಲಿ ಸೆಗಾ ಕನ್ಸೋಲ್ ತಯಾರಿಕೆಯನ್ನೇ ಕೈಬಿಟ್ಟಿತು. ಅದೇ ವರ್ಷ ಮೈಕ್ರೋಸಾಫ್ಟ್ ಕಣಕ್ಕಿಳಿಯಿತು. ಸೋನಿಯ ಪ್ಲೇಸ್ಟೇಷನ್ 2 ಮುಂದೆ 16 ಕೋಟಿಗೂ ಹೆಚ್ಚು ಮಾರಾಟವಾಯಿತು.

ಕಡುವೈರಿಗಳೆನಿಸಿದ್ದವರು ಆಮೇಲೆ ಏನಾದರು ಎಂಬುದನ್ನು ಅಭಿಮಾನಿಗಳು ಗಮನಿಸಬೇಕು. ಸೋನಿಕ್ ಆಟಗಳು ಈಗ ನಿಂಟೆಂಡೊ ಯಂತ್ರದಲ್ಲೇ ಓಡುತ್ತವೆ. ಮೈಕ್ರೋಸಾಫ್ಟ್‌ನ ಫೋರ್ಜಾ ಹೊರೈಜನ್ 5 ಎಂಬ ಕಾರ್ ಓಟದ ಆಟ 2025ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೂ ಬಂತು. 2018ರ ಸೆಪ್ಟೆಂಬರ್‌ನಲ್ಲಿ ಸೋನಿ ಒಪ್ಪಿದ ಮೇಲೆ ಫೋರ್ಟ್‌ನೈಟ್‌ನಂಥ ಆಟವನ್ನು ಬೇರೆ ಬೇರೆ ಕನ್ಸೋಲ್‌ನವರು ಒಟ್ಟಿಗೆ ಆಡುವುದು ಸಾಧ್ಯವಾಯಿತು. ಲಾಭ ಬಂದೀತು ಎಂದು ಕಂಡಾಗ ಕಂಪನಿಗಳು ಬೇಲಿಯನ್ನು ತಾವೇ ಕೀಳುತ್ತವೆ. ಅವುಗಳ ಪರವಾಗಿ ಗೆಳೆಯರೊಂದಿಗೆ ಮುನಿಸಿಕೊಂಡವರಿಗೆ ಉಳಿಯುವುದು ಮುನಿಸು ಮಾತ್ರ.

ಭಾರತದಲ್ಲಿ ಮೊದಲು ಹರಡಿದ್ದು ನಿಂಟೆಂಡೊ ಯಂತ್ರದ ನಕಲುಗಳು. ಒಂದೇ ಕ್ಯಾಸೆಟ್‌ನಲ್ಲಿ ಲಕ್ಷಗಟ್ಟಲೆ ಆಟಗಳಿವೆ ಎಂದು ಬರೆದು ಮಾರುತ್ತಿದ್ದ ಯಂತ್ರಗಳಲ್ಲಿ ಮಾರಿಯೊ, ಕಾಂಟ್ರಾ ಆಡಿದ ಒಂದು ತಲೆಮಾರೇ ಇದೆ. ಕರಾವಳಿಗೆ ಕನ್ಸೋಲ್ ಬಂದ ಇನ್ನೊಂದು ದಾರಿ ಗಲ್ಫ್‌ನದು. ದಕ್ಷಿಣ ಕನ್ನಡದ ಸಾವಿರಾರು ಕುಟುಂಬಗಳಲ್ಲಿ ಅಲ್ಲಿ ದುಡಿಯುವವರಿದ್ದಾರೆ. 2006ರ ಅಕ್ಟೋಬರ್‌ನಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ಓಡಾಟ ಇನ್ನೂ ಸುಲಭವಾಯಿತು. ಯುಎಇ, ಕುವೈತ್, ಬಹ್ರೇನ್‌ಗಳ ವಿದ್ಯುತ್ ವೋಲ್ಟೇಜು ನಮ್ಮ 230 ವೋಲ್ಟ್‌ಗೆ ಹತ್ತಿರವಿರುವುದು, ಟಿವಿ ಸಿಗ್ನಲ್ ಎರಡೂ ಕಡೆ ಪಾಲ್ ಕ್ರಮದ್ದಾಗಿದ್ದುದು ಒಂದು ಅನುಕೂಲ. ಅಮೆರಿಕದಿಂದ ತಂದ ಪ್ಲೇಸ್ಟೇಷನ್ 2ಕ್ಕೆ 110 ವೋಲ್ಟ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕಿತ್ತು, ಡಿಸ್ಕ್‌ಗಳು ವಲಯಕ್ಕೆ ಬದ್ಧವಾಗಿದ್ದರಿಂದ ಇಲ್ಲಿನ ಡಿಸ್ಕ್‌ಗಳು ಅದರಲ್ಲಿ ಓಡುತ್ತಿರಲಿಲ್ಲ. ಪ್ಲೇಸ್ಟೇಷನ್ 3ರಿಂದ ಈಚೆಗೆ ಆಟದ ಡಿಸ್ಕ್‌ಗಳಿಗೆ ಬಹುಮಟ್ಟಿಗೆ ಈ ವಲಯದ ಬಂಧನವಿಲ್ಲ. ಆದರೂ ಹೊರದೇಶದಲ್ಲಿ ಕೊಂಡ ಯಂತ್ರಕ್ಕೆ ಇಲ್ಲಿ ವಾರಂಟಿ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಅಧಿಕೃತ ಮಾರಾಟ ಗಟ್ಟಿಯಾದದ್ದು 2006ರಲ್ಲಿ ಎಕ್ಸ್‌ಬಾಕ್ಸ್ 360, 2007ರಲ್ಲಿ ಪ್ಲೇಸ್ಟೇಷನ್ 3 ಬಂದ ಮೇಲೆ. ಪ್ಲೇಸ್ಟೇಷನ್ 4 ಭಾರತದಲ್ಲಿ 2014ರ ಜನವರಿಯಲ್ಲಿ 39,990 ರೂಪಾಯಿಗೆ ಬಿಡುಗಡೆಯಾಯಿತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2020ರ ನವೆಂಬರ್‌ನಲ್ಲಿ, ಪ್ಲೇಸ್ಟೇಷನ್ 5 ಮರುವರ್ಷ ಫೆಬ್ರುವರಿ 2ರಂದು, ಎರಡೂ 49,990 ರೂಪಾಯಿ ಬೆಲೆಯಲ್ಲಿ ಬಂದವು. ಕನ್ಸೋಲ್ ಮೇಲಿನ ಶೇ 28ರ ಜಿಎಸ್‌ಟಿ 2019ರ ಜನವರಿಯಲ್ಲಿ ಶೇ 18ಕ್ಕೆ ಇಳಿದಿತ್ತು. ಹಾಗಿದ್ದರೂ ಮಧ್ಯಮ ವರ್ಗದ ಮನೆಗೆ ಇದು ಯೋಚಿಸಿ ಮಾಡುವ ಖರ್ಚು. ಮೊಬೈಲ್ ಗೇಮ್ ಇಷ್ಟು ವೇಗವಾಗಿ ಹರಡಿದ್ದಕ್ಕೆ ಇದೂ ಕಾರಣ. ಅದಕ್ಕೆ ಬೇಕಾದ ಯಂತ್ರ ಆಗಲೇ ಜೇಬಿನಲ್ಲಿರುತ್ತದೆ.

ಹಾಗಾದರೆ ಕನ್ಸೋಲ್ ಆಯ್ಕೆ ಹೇಗೆ? ಚಿತ್ರದ ಗುಣಮಟ್ಟದಲ್ಲಿ ಇಂದಿನ ಎರಡು ದೊಡ್ಡ ಕನ್ಸೋಲ್‌ಗಳ ನಡುವೆ ಸಾಮಾನ್ಯ ಕಣ್ಣಿಗೆ ಕಾಣುವ ಅಂತರ ಕಡಿಮೆ. ಗೆಳೆಯರ ಬಳಿ ಯಾವುದಿದೆ, ಡಿಸ್ಕ್ ಬದಲಾಯಿಸಿಕೊಳ್ಳಲು ಯಾರು ಸಿಗುತ್ತಾರೆ, ಕೆಟ್ಟರೆ ಊರಲ್ಲೇ ರಿಪೇರಿ ಆಗುತ್ತದೆಯೇ ಎಂಬುದು ಹೆಚ್ಚು ಮುಖ್ಯ. ಕರಾವಳಿಯಲ್ಲಿ ಇನ್ನೂ ಎರಡು ಮಾತು ಸೇರಿಸಬೇಕು. ತೇವ ಮತ್ತು ಉಪ್ಪುಗಾಳಿ ಎಲೆಕ್ಟ್ರಾನಿಕ್ಸ್‌ಗೆ ಒಳ್ಳೆಯದಲ್ಲ, ಮಳೆಗಾಲದಲ್ಲಿ ಯಂತ್ರವನ್ನು ಗಾಳಿಯಾಡುವ ಜಾಗದಲ್ಲಿಡಬೇಕು. ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕಿತ್ತಿಡಬೇಕು.

ಎರಡನೆಯದು ಆಟದ ಬೆಲೆ. ಪ್ಲೇಸ್ಟೇಷನ್ 5 ಬಂದ ಕಾಲದಿಂದ ದೊಡ್ಡ ಆಟವೊಂದಕ್ಕೆ 4,999 ರೂಪಾಯಿ ರೂಢಿಯ ದರವಾಯಿತು. ಇಪ್ಪತ್ತು ಗಂಟೆಯಲ್ಲಿ ಮುಗಿಯುವ ಆಟವಾದರೆ ಗಂಟೆಗೆ 250 ರೂಪಾಯಿ, ಇನ್ನೂರು ಗಂಟೆ ಆಡಿಸುವ ಫುಟ್‌ಬಾಲ್ ಆಟವಾದರೆ ಗಂಟೆಗೆ 25 ರೂಪಾಯಿ. ಈ ಲೆಕ್ಕ ಉಪಯುಕ್ತ, ಆದರೆ ಪೂರ್ಣವಲ್ಲ. 2012ರಲ್ಲಿ ಬಂದ ಜರ್ನಿ ಎಂಬ ಆಟ ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ. ಮರಳುಗಾಡಿನಲ್ಲಿ ಅಪರಿಚಿತ ಜೊತೆಗಾರನೊಂದಿಗೆ ಮಾತಿಲ್ಲದೆ ನಡೆಯುವ ಆ ಅನುಭವ ಈ ಮಾಧ್ಯಮದ ಶ್ರೇಷ್ಠ ಕೃತಿಗಳಲ್ಲಿ ಒಂದೆಂದು ಹೆಸರು ಪಡೆದಿದೆ. ಉದ್ದವೊಂದೇ ಅಳತೆಯಾದರೆ ನೀರು ಬೆರೆಸಿ ಹಿಗ್ಗಿಸಿದ ಆಟಗಳೇ ಗೆಲ್ಲುತ್ತವೆ.

ಡಿಸ್ಕ್ ಮತ್ತು ಡೌನ್‌ಲೋಡ್ ನಡುವಿನ ವ್ಯತ್ಯಾಸವೂ ಬೆಲೆಗೆ ಸೇರಿದ್ದೇ. 4,999ಕ್ಕೆ ಕೊಂಡ ಡಿಸ್ಕನ್ನು ತಿಂಗಳ ನಂತರ 3,000ಕ್ಕೆ ಮಾರಿದರೆ ನಿಜವಾದ ಖರ್ಚು ಎರಡು ಸಾವಿರಕ್ಕಿಳಿಯುತ್ತದೆ. ಡೌನ್‌ಲೋಡ್ ಮಾಡಿದ ಆಟವನ್ನು ಮಾರಲಾಗದು, ಬದಲಾಯಿಸಲಾಗದು. ಅಲ್ಲಿ ಕೊಂಡದ್ದು ಆಡುವ ಪರವಾನಗಿ ಮಾತ್ರ. ಇನ್ನು ಕೆಲವು ಆಟಗಳಿಗೆ ಡಿಸ್ಕ್ ಇದ್ದರೂ ಕಂಪನಿಯ ಸರ್ವರ್ ನಡೆಯುತ್ತಿರಬೇಕು. ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ದಿ ಕ್ರ್ಯೂ ಆಟದ ಸರ್ವರ್ ನಿಲ್ಲಿಸಿದಾಗ ಹಣ ಕೊಟ್ಟು ಕೊಂಡವರೂ ಅದನ್ನು ಆಡಲಾಗದ ಸ್ಥಿತಿ ಬಂತು. 2017ರಲ್ಲಿ ಆರಂಭವಾದ ಎಕ್ಸ್‌ಬಾಕ್ಸ್ ಗೇಮ್ ಪಾಸ್‌ನಂಥ ತಿಂಗಳ ಚಂದಾ ಯೋಜನೆಗಳು ಹಲವು ಆಟಗಳ ರುಚಿ ನೋಡುವವರಿಗೆ ಲಾಭದಾಯಕ. ವರ್ಷವಿಡೀ ಒಂದೇ ಆಟ ಆಡುವವರಿಗೆ ಅದು ದಂಡ.

ಮೂರನೆಯದು ಗೇಮಿಂಗ್ ಪತ್ರಿಕೋದ್ಯಮ. ಆಟಗಳ ಬಗ್ಗೆ ಬರೆಯುವ ಪತ್ರಿಕೆಗೆ ಜಾಹೀರಾತು ಕೊಡುವವರೂ ಆಟದ ಕಂಪನಿಗಳೇ ಆಗಿರುವುದು ಇಲ್ಲಿನ ಹಳೆಯ ತೊಡಕು. 1988ರಲ್ಲಿ ಆರಂಭವಾದ ನಿಂಟೆಂಡೊ ಪವರ್ ಪತ್ರಿಕೆಯನ್ನು ಹೊರತಂದದ್ದು ನಿಂಟೆಂಡೊ ಕಂಪನಿಯೇ. 2007ರಲ್ಲಿ ಗೇಮ್‌ಸ್ಪಾಟ್ ಜಾಲತಾಣದ ಸಂಪಾದಕ ಜೆಫ್ ಗರ್ಸ್ಟ್‌ಮನ್ ಕೆಲಸ ಕಳೆದುಕೊಂಡರು. ಜಾಹೀರಾತು ನೀಡಿದ್ದ ಆಟಕ್ಕೆ ಕಡಿಮೆ ಅಂಕ ಕೊಟ್ಟದ್ದೂ ಅದಕ್ಕೆ ಕಾರಣವೆಂದು 2012ರಲ್ಲಿ ಅವರೇ ಬಹಿರಂಗವಾಗಿ ಹೇಳಿದರು. ಅಂಕಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ಫಾಲ್‌ಔಟ್: ನ್ಯೂ ವೇಗಸ್ ಎಂಬ ಆಟ 84 ಪಡೆಯಿತು. ತಯಾರಕರ ಬೋನಸ್‌ಗೆ 85 ಬೇಕಿತ್ತು, ಒಂದು ಅಂಕದಿಂದ ಅದು ತಪ್ಪಿತು ಎಂದು ತಯಾರಕರಲ್ಲೊಬ್ಬರು ತಿಳಿಸಿದರು. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಬಂದಾಗ ವಿಮರ್ಶಕರಿಗೆ ಮೊದಲೇ ಸಿಕ್ಕಿದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ಹೊಗಳಿಕೆ ಓದಿ ಪ್ಲೇಸ್ಟೇಷನ್ 4ಕ್ಕೆ ಕೊಂಡವರಿಗೆ ದೋಷಗಳೇ ತುಂಬಿದ ಆಟ ದೊರೆಯಿತು. ಸೋನಿ ಅದನ್ನು ತನ್ನ ಆನ್‌ಲೈನ್ ಮಳಿಗೆಯಿಂದ ತಿಂಗಳುಗಟ್ಟಲೆ ತೆಗೆದಿಟ್ಟಿತು.

ಈಗ ಪತ್ರಿಕೆಯ ಜಾಗವನ್ನು ಹೆಚ್ಚಾಗಿ ಯೂಟ್ಯೂಬ್ ತುಂಬಿದೆ. ಹಣ ಅಥವಾ ಉಡುಗೊರೆ ಪಡೆದು ಮಾಡಿದ ವಿಡಿಯೊದಲ್ಲಿ ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ನಿಯಮ ರೂಪಿಸಿದೆ. ಆಟವನ್ನು ಯಾರು ಕೊಟ್ಟರು, ಯಾವ ಯಂತ್ರದಲ್ಲಿ ಆಡಲಾಯಿತು, ಮುಗಿಯುವ ತನಕ ಆಡಿದರೇ ಎಂಬುದನ್ನು ಹೇಳದ ವಿಮರ್ಶೆಯನ್ನು ಅರ್ಧ ಮಾತ್ರ ನಂಬಬೇಕು. ಬಿಡುಗಡೆಗೆ ಮೊದಲೇ ಹಣ ಕಟ್ಟದೆ ಎರಡು ವಾರ ಕಾಯುವುದು ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ.

ಕರಾವಳಿ ಆಟಗಳನ್ನು ಆಡುವ ನೆಲ ಮಾತ್ರವಲ್ಲ, ತಯಾರಿಸುವ ನೆಲವೂ ಹೌದು. ಮಂಗಳೂರಿನ ನೆರೆಯ ಉಡುಪಿಯ 99ಗೇಮ್ಸ್ ಸಂಸ್ಥೆ 2013ರಲ್ಲಿ ಧೂಮ್ 3 ಸಿನಿಮಾದ ಮೊಬೈಲ್ ಆಟವನ್ನೂ, 2014ರಲ್ಲಿ ಸ್ಟಾರ್ ಶೆಫ್ ಎಂಬ ಅಡುಗೆಯ ಆಟವನ್ನೂ ಹೊರತಂದಿತು. ಬೆಂಗಳೂರಿನಲ್ಲಿ 1997ರಲ್ಲಿ ಹುಟ್ಟಿದ ಆಟ ತಯಾರಿಕಾ ಸಂಸ್ಥೆ ಧ್ರುವ ಇಂಟರ್ಯಾಕ್ಟಿವ್ 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ತಯಾರಕರೂ ಆಟಗಾರರೂ ಇರುವ ನಾಡಿಗೆ ತನ್ನದೇ ಭಾಷೆಯ ಪ್ರಾಮಾಣಿಕ ವಿಮರ್ಶೆಯೂ ಬೇಕು. ಡಾಲರ್ ಲೆಕ್ಕದಲ್ಲಿ ಬರೆಯುವ ವಿದೇಶಿ ವಿಮರ್ಶಕ ಆಟ ಚೆನ್ನಾಗಿದೆಯೇ ಎಂದು ಹೇಳಬಲ್ಲ. ಅದು ಮಂಗಳೂರಿನ ಮನೆಯೊಂದರ 4,999 ರೂಪಾಯಿಗೆ ತಕ್ಕುದೇ, ಡಿಸ್ಕ್ ಮುಂದೆ ಮಾರಾಟವಾದೀತೇ, ಮನೆಯ ಮಕ್ಕಳಿಗೆ ಹೊಂದುತ್ತದೆಯೇ ಎಂದು ಹೇಳಬೇಕಾದವರು ಇಲ್ಲೇ ಆಡಿ, ಇಲ್ಲೇ ಹಣ ಕೊಟ್ಟು, ಕನ್ನಡದಲ್ಲಿ ಬರೆಯುವವರು.