ಚಲಚ್ಚಿತ್ರದ ನಿರ್ಮಾಪಕರೂ ನಿರ್ದೇಶಕರೂ

ಸಿನೆಮಾ ನೋಡಿ ಮನೆಗೆ ಹಿಂದಿರುಗಿದ ಮೇಲೆ ನಾವು ನಟನಟಿಯರ ವಿಚಾರವನ್ನು ಮಾತನಾಡುವೆವೇ ಹೊರತು, ತೆರೆಯ ಮೇಲೆ ಕಂಡು ಮರೆಯಾದ ಇತರ ಹೆಸರುಗಳನ್ನು ಜ್ಞಾಪಕದಲ್ಲಿಡುವುದು ಅಪರೂಪ. ಅವುಗಳಲ್ಲಿ ಎರಡು ಮುಖ್ಯವಾದವು. ಒಂದು ನಿರ್ಮಾಪಕರದು, ಇನ್ನೊಂದು ನಿರ್ದೇಶಕರದು. ಇಬ್ಬರೂ ಒಂದೇ ಕೆಲಸವನ್ನು ಮಾಡುವವರೆಂದು ತಿಳಿದವರು ಬಹು ಮಂದಿ ಇದ್ದಾರೆ. ತಮ್ಮ ಮಕ್ಕಳು ಈ ಕ್ಷೇತ್ರಕ್ಕೆ ಸೇರಬೇಕೆಂದು ಆಶಿಸುವಾಗ ಯಾರನ್ನು ಏನೆಂದು ವಿಚಾರಿಸಬೇಕೆಂಬುದು ತಾಯಿತಂದೆಗಳಿಗೆ ತೋರದೆ ಹೋಗುವುದೂ ಉಂಟು. ಆದುದರಿಂದ ಈ ಎರಡು ಪದವಿಗಳ ಭೇದವನ್ನು ನಮ್ಮ ವಾಚಕರ ಮುಂದಿಡಲು ಯತ್ನಿಸುತ್ತೇವೆ.

ಪಾಠಶಾಲೆಯ ವಾರ್ಷಿಕೋತ್ಸವದ ನಾಟಕವನ್ನು ನೆನಪಿಗೆ ತಂದುಕೊಳ್ಳಿರಿ. ನಾಟಕವಾಡಿಸಬೇಕೆಂದು ಗೊತ್ತುಮಾಡಿ, ಹಣವನ್ನು ಒದಗಿಸಿ, ಚಪ್ಪರ ಹಾಕಿಸಿ, ವೇಷದ ಉಡುಪುಗಳನ್ನು ಬಾಡಿಗೆಗೆ ತರಿಸಿ, ಹುಡುಗಿಯರ ಮನೆಯವರ ಒಪ್ಪಿಗೆ ಪಡೆದು, ಏನಾದರೂ ಕೆಟ್ಟರೆ ಉತ್ತರ ಹೇಳಬೇಕಾದವರು ಮುಖ್ಯೋಪಾಧ್ಯಾಯಿನಿಯವರು. ಸಂಜೆಯ ಹೊತ್ತು ಹುಡುಗಿಯರನ್ನು ನಿಲ್ಲಿಸಿಕೊಂಡು, “ಇಲ್ಲಿ ತಿರುಗು, ಆ ಮಾತನ್ನು ಮೆಲ್ಲಗೆ ಹೇಳು” ಎಂದು ತಿದ್ದುವವರು ಒಬ್ಬ ಉಪಾಧ್ಯಾಯಿನಿಯವರು. ಮೊದಲನೆಯವರದು ನಿರ್ಮಾಪಕರ ಕೆಲಸ. ಎರಡನೆಯವರದು ನಿರ್ದೇಶಕರ ಕೆಲಸ.

ಚಿತ್ರದಲ್ಲಿಯೂ ಹೀಗೆಯೇ. ಕಥೆಯ ಹಕ್ಕನ್ನು ಕೊಳ್ಳುವುದು, ಬಂಡವಾಳ ಕೂಡಿಸುವುದು, ನಿರ್ದೇಶಕನನ್ನೂ ಮುಖ್ಯ ನಟರನ್ನೂ ಗೊತ್ತುಮಾಡುವುದು, ಕರಾರುಗಳಿಗೆ ಸಹಿ ಹಾಕುವುದು, ದಿನದಿನದ ವೆಚ್ಚವನ್ನು ನೋಡಿಕೊಳ್ಳುವುದು, ಕಡೆಗೆ ಚಿತ್ರವನ್ನು ಹಂಚಿಕೆದಾರರಿಗೆ ಒಪ್ಪಿಸುವುದು, ಇವು ನಿರ್ಮಾಪಕನ ಪಾಲಿಗೆ ಬಂದವು. ಕಥೆಯನ್ನು ದೃಶ್ಯಗಳನ್ನಾಗಿ ಭಾವಿಸುವುದು, ಕ್ಯಾಮೆರಾ ಎಲ್ಲಿರಬೇಕೆಂದು ನಿರ್ಧರಿಸುವುದು, ನಟರಿಂದ ಅಭಿನಯವನ್ನು ತೆಗೆಯುವುದು, ಸಂಕಲನಕಾರನೊಡನೆ ಕುಳಿತು ಉಳಿಸತಕ್ಕದ್ದನ್ನು ಉಳಿಸುವುದು, ಇವು ನಿರ್ದೇಶಕನವು. ಒಬ್ಬನಿಗೆ ಚಿತ್ರವು ಮುಗಿಯುವುದೇ ಚಿಂತೆ. ಇನ್ನೊಬ್ಬನಿಗೆ ಅದು ಹೇಗೆ ಮುಗಿಯುವುದೆಂಬುದೇ ಚಿಂತೆ.

ನಿರ್ಮಾಪಕನಿಲ್ಲದೆ ನಿರ್ದೇಶಕನು ಪಡುವ ಪಾಡಿಗೆ ಬಂಗಾಳದ ‘ಪಥೇರ್ ಪಾಂಚಾಲಿ’ಗಿಂತ ಉತ್ತಮ ನಿದರ್ಶನವಿಲ್ಲ. ಕಲ್ಕತ್ತೆಯ ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರರಾಗಿದ್ದ ಸತ್ಯಜಿತ್ ರಾಯರು, ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯನ್ನು ಚಿತ್ರಿಸಬೇಕೆಂದು ಹೊರಟಾಗ ಹಣ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. 1952ರ ಅಕ್ಟೋಬರಿನಲ್ಲಿ ಸ್ವಂತ ಹಣದಿಂದಲೇ ಅವರು ಚಿತ್ರೀಕರಣವನ್ನಾರಂಭಿಸಿದರು. ಬಿಳಿಯ ಹೂಗಳು ತುಂಬಿದ್ದ ಬಯಲಿನಲ್ಲಿ ಒಂದು ಭಾನುವಾರ ಕೆಲಸ ನಡೆಯಿತು. ಮುಂದಿನ ವಾರ ಹೋಗಿ ನೋಡಿದರೆ ದನಗಳು ಹೂವನ್ನೆಲ್ಲಾ ಮೇದು ಮುಗಿಸಿದ್ದುವು. ಆ ದೃಶ್ಯವನ್ನು ಪೂರೈಸಲು ಮುಂದಿನ ಹೂವಿನ ಕಾಲದವರೆಗೆ ಕಾಯಬೇಕಾಯಿತು.

ಹಣ ಮುಗಿದಾಗಲೆಲ್ಲಾ ಕೆಲಸವು ತಿಂಗಳುಗಟ್ಟಲೆ ನಿಂತಿತು. ರಾಯರು ತಮ್ಮ ಗ್ರಾಮಫೋನ್ ತಟ್ಟೆಗಳನ್ನು ಮಾರಿದರು. ಅವರ ಪತ್ನಿ ಬಿಜೋಯಾ ರಾಯರ ಒಡವೆಗಳು ಒತ್ತೆಗೆ ಹೋದುವು. ಕೆಲಸ ನಿಂತಿದ್ದಾಗ ನಿರ್ದೇಶಕರ ಭಯವೇನೆಂದು ಊಹಿಸಬಹುದು. ಬಾಲಕ ಅಪುವಿನ ದನಿ ಒಡೆಯಬಾರದು, ದುರ್ಗೆಯಾದ ಹುಡುಗಿ ಬೆಳೆದುಬಿಡಬಾರದು, ಮುದುಕಿಯ ಪಾತ್ರಧಾರಿಣಿ ಚುನೀಬಾಲಾ ದೇವಿಯವರು ಚಿತ್ರ ಮುಗಿಯುವ ಮುನ್ನ ತೀರಿಕೊಳ್ಳಬಾರದು. ದೈವವಶದಿಂದ ಈ ಮೂರರಲ್ಲಿ ಒಂದೂ ಆಗಲಿಲ್ಲ. ಕಡೆಗೆ ಪಶ್ಚಿಮ ಬಂಗಾಳದ ಸರಕಾರವು ಕೈಹಿಡಿಯಿತು. ಶೀರ್ಷಿಕೆಯಲ್ಲಿ ಪಥವೆಂಬ ಮಾತಿದ್ದುದರಿಂದ ಆ ಹಣವು ಲೆಕ್ಕದಲ್ಲಿ ರಸ್ತೆಗಳ ಅಭಿವೃದ್ಧಿಯ ಬಾಬ್ತು ಎಂದು ದಾಖಲಾಯಿತಂತೆ! ಹೀಗೆ ಸರಕಾರವೇ ನಿರ್ಮಾಪಕನಾಯಿತು. ಕಥೆಗೆ ಸುಖಾಂತವಿರಲೆಂಬ ಸಲಹೆಯೂ ಬಂದಿತು. ರಾಯರು ಅದನ್ನು ಅಂಗೀಕರಿಸಲಿಲ್ಲ. 1955ರ ಆಗಸ್ಟಿನಲ್ಲಿ ಚಿತ್ರವು ಕಲ್ಕತ್ತೆಯಲ್ಲಿ ಬಿಡುಗಡೆಯಾಗಿ, 1956ರಲ್ಲಿ ಫ್ರಾನ್ಸಿನ ಕಾನ್ ಉತ್ಸವದಲ್ಲಿ ಬಹುಮಾನವನ್ನು ಪಡೆಯಿತು. ಹಣ ಕೊಟ್ಟವರ ಉಪಕಾರವೂ ಮಣಿಯದ ನಿರ್ದೇಶಕರ ದೃಢತೆಯೂ ಇಲ್ಲಿ ಸಮವಾಗಿ ಸ್ಮರಣೀಯವಾಗಿವೆ. ಒತ್ತೆ ಹೋದ ಒಡವೆಗಳನ್ನೂ ನಮ್ಮ ವಿದ್ಯಾರ್ಥಿನಿಯರು ಮರೆಯಲಾರರು.

ಇದಕ್ಕೆ ತೀರ ವಿರುದ್ಧವಾದ ನಿದರ್ಶನವು ಅಮೆರಿಕೆಯ ‘ಗಾನ್ ವಿತ್ ದಿ ವಿಂಡ್’. ಅಲ್ಲಿ ನಿರ್ಮಾಪಕನೇ ಸರ್ವಾಧಿಕಾರಿ. ಡೇವಿಡ್ ಸೆಲ್ಜ್‌ನಿಕ್ ಎಂಬಾತನು 1936ರಲ್ಲಿ 50,000 ಡಾಲರುಗಳಿಗೆ ಕಾದಂಬರಿಯ ಹಕ್ಕನ್ನು ಕೊಂಡನು. ಆತನು ಮೊದಲ ನಿರ್ದೇಶಕ ಜಾರ್ಜ್ ಕ್ಯೂಕರನನ್ನು ಕೆಲವೇ ವಾರಗಳಲ್ಲಿ ಬಿಡಿಸಿ ವಿಕ್ಟರ್ ಫ್ಲೆಮಿಂಗನನ್ನು ತಂದನು. ಫ್ಲೆಮಿಂಗನು ಬಳಲಿ ಹಾಸಿಗೆ ಹಿಡಿದಾಗ ಸ್ಯಾಮ್ ವುಡ್ ಎಂಬಾತನು ಕೆಲಸವನ್ನು ಮುಂದುವರಿಸಿದನು. ಮೂವರು ನಿರ್ದೇಶಕರು ಬಂದು ಹೋದರೂ ಚಿತ್ರವು 1939ರಲ್ಲಿ ಒಂದೇ ಕೃತಿಯಾಗಿ ಹೊರಬಂದಿತೆಂದರೆ, ಅದನ್ನು ಹಿಡಿದಿಟ್ಟವನು ನಿರ್ಮಾಪಕನೆಂಬುದು ಸ್ಪಷ್ಟ. ಅಕಾಡೆಮಿಯ ಬಹುಮಾನಗಳಲ್ಲಿ ಉತ್ತಮ ಚಿತ್ರದ ಗೌರವವು ಸೆಲ್ಜ್‌ನಿಕನ ಸಂಸ್ಥೆಗೂ, ಉತ್ತಮ ನಿರ್ದೇಶನದ ಗೌರವವು ಫ್ಲೆಮಿಂಗನಿಗೂ ಸಂದುವು.

ನಮ್ಮ ಕನ್ನಡದ ಮೊದಲನೆಯ ವಾಕ್ಚಿತ್ರ ‘ಸತಿ ಸುಲೋಚನಾ’ದಲ್ಲಿಯೂ ಈ ವಿಭಾಗವಿತ್ತು. 1934ರಲ್ಲಿ ಬಿಡುಗಡೆಯಾದ ಆ ಚಿತ್ರಕ್ಕೆ ಬಂಡವಾಳ ಹಾಕಿದವರು ಬೆಂಗಳೂರಿನ ವರ್ತಕ ಚಮನ್‌ಲಾಲ್ ಡುಂಗಾಜಿಯವರು, ನಿರ್ದೇಶಿಸಿದವರು ವೈ. ವಿ. ರಾವ್ ಅವರು. ಈ ಎರಡು ಪದವಿಗಳೂ ಗಂಡಸರಿಗೇ ಮೀಸಲೆಂದು ಯಾರೂ ಭಾವಿಸಬಾರದು. ನಟಿ ಎಂ. ವಿ. ರಾಜಮ್ಮನವರು 1943ರಲ್ಲಿಯೇ ‘ರಾಧಾರಮಣ’ವನ್ನು ನಿರ್ಮಿಸಿದರು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು 1983ರಲ್ಲಿ ಪ್ರೇಮಾ ಕಾರಂತರು ನಿರ್ದೇಶಿಸಿ ಚಿತ್ರವಾಗಿಸಿದರು.

ಇನ್ನು ಕಾನೂನಿನ ಮಾತು. 1957ರ ಕೃತಿಸ್ವಾಮ್ಯದ ಅಧಿನಿಯಮದಂತೆ ಚಲಚ್ಚಿತ್ರದ ಕರ್ತೃವೆಂದರೆ ನಿರ್ಮಾಪಕನೇ. ಕೃತಿಯನ್ನು ಕೈಗೊಂಡು ಅದರ ಹೊಣೆಯನ್ನು ಹೊತ್ತವನೇ ನಿರ್ಮಾಪಕನೆಂದು ಅದು ವಿವರಿಸುತ್ತದೆ. ಜನರು ‘ಇಂಥವರ ಚಿತ್ರ’ವೆಂದು ನಿರ್ದೇಶಕನ ಹೆಸರನ್ನು ಹೇಳಿದರೂ ಹಕ್ಕು ಮತ್ತು ಹೊಣೆಗಳು ಮೊದಲು ನಿರ್ಮಾಪಕನವು.

ತಾಯಿತಂದೆಗಳು ಗಮನಿಸತಕ್ಕ ವಿಷಯವು ಇಲ್ಲಿದೆ. 2017ರ ನಿಯಮಗಳಂತೆ, ಹದಿನಾಲ್ಕು ವರ್ಷ ತುಂಬದ ಮಗುವನ್ನು ಚಿತ್ರದಲ್ಲಿ ಅಭಿನಯಕ್ಕೆ ತೊಡಗಿಸಬೇಕಾದರೆ ನಿರ್ಮಾಪಕನು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯತಕ್ಕದ್ದು. ದಿನಕ್ಕೆ 5 ಗಂಟೆಗಿಂತ ಹೆಚ್ಚಾಗಿಯೂ, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚಾಗಿಯೂ ದುಡಿಸಕೂಡದು. ಸಂಪಾದನೆಯಲ್ಲಿ ನೂರಕ್ಕೆ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿಡಬೇಕು. ಆದುದರಿಂದ ಯಾರಾದರೂ ನಿಮ್ಮ ಮಗಳ ಕಣ್ಣು ಚೆನ್ನಾಗಿದೆ, ದನಿ ಇಂಪಾಗಿದೆ ಎಂದು ಕರೆಯಬಂದಾಗ, ನಿರ್ದೇಶಕರ ಹೆಸರನ್ನು ಕೇಳಿ ಸಂತೋಷಪಡುವುದಕ್ಕೆ ಮೊದಲು ನಿರ್ಮಾಪಕರಾರು, ಅನುಮತಿಪತ್ರವೆಲ್ಲಿ, ಕರಾರಿನಲ್ಲಿ ಏನು ಬರೆದಿದೆ ಎಂದು ವಿಚಾರಿಸಿರಿ. ಉತ್ತರ ಹೇಳಲು ಹಿಂಜರಿಯುವವರ ಕೈಗೆ ಮಗುವನ್ನು ಒಪ್ಪಿಸಬೇಡಿರಿ.

ಮಗಳಿಗೆ ನಿಜವಾಗಿಯೂ ಈ ವಿದ್ಯೆಯಲ್ಲಿ ಅಭಿರುಚಿಯಿದ್ದರೆ, ನಟಿಯಾಗುವುದೊಂದೇ ದಾರಿಯಲ್ಲವೆಂದು ತಿಳಿಸಿರಿ. ಕಾಗದಪತ್ರವನ್ನು ಅಚ್ಚುಕಟ್ಟಾಗಿಡಬಲ್ಲವಳು, ಹತ್ತು ಜನರನ್ನು ಒಟ್ಟಿಗೆ ನಡೆಸಬಲ್ಲವಳು ನಿರ್ಮಾಪಕಿಯಾಗಬಲ್ಲಳು. ಒಂದು ಕಥೆಯನ್ನು ಓದಿದೊಡನೆ ಅದನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಬಲ್ಲವಳು ನಿರ್ದೇಶಕಿಯಾಗಬಲ್ಲಳು. ವಾರ್ಷಿಕೋತ್ಸವದ ನಾಟಕದಲ್ಲಿ ವೇಷ ಕಟ್ಟದೆ ಪರದೆಯ ಹಿಂದೆ ದುಡಿದ ಹುಡುಗಿಯರಿಗೆ ಈ ಮಾತನ್ನು ವಿಶೇಷವಾಗಿ ಹೇಳಬಯಸುತ್ತೇವೆ.