ನಞರ್ಥದ ‘ಅ’, ‘ಅನ್’: ಗ್ರೀಕಿನಲ್ಲಿಯೂ ನಮ್ಮಲ್ಲಿಯೂ

ನಗರ್ತಪೇಟೆಯ ನಮ್ಮ ಮನೆಗೆ ಪಾಠಕ್ಕೆ ಬರುವ ವಿದ್ಯಾರ್ಥಿಯೊಬ್ಬನು ಈಚೆಗೆ ಕಳವಳದಿಂದ, “ಗುರುಗಳೇ, ಅಮ್ಮನಿಗೆ ಅನೀಮಿಯಾ ಎಂದು ವೈದ್ಯರು ಹೇಳಿದರು. ‘ಅನ್’ ಎಂದರೆ ಇಲ್ಲ, ‘ಹೈಮ’ ಎಂದರೆ ರಕ್ತ ಎಂದು ನಿಘಂಟಿನಲ್ಲಿದೆ. ಹಾಗಾದರೆ ಮೈಯಲ್ಲಿ ರಕ್ತವೇ ಇಲ್ಲವೆಂದೇ?” ಎಂದು ಕೇಳಿದನು. ಆತನಿಗೆ ಹೇಳಿದ ಸಮಾಧಾನವನ್ನೇ ಇಲ್ಲಿ ಕೊಂಚ ವಿಸ್ತರಿಸಿದೆ.

ಗ್ರೀಕಿನಿಂದ ಇಂಗ್ಲಿಷಿಗೆ ಬಂದ ಈ ಪೂರ್ವಪದವು ವ್ಯಂಜನದ ಹಿಂದೆ ‘ಅ’ ಎಂದೂ ಸ್ವರದ ಹಿಂದೆ ‘ಅನ್’ ಎಂದೂ ನಿಲ್ಲುತ್ತದೆ. ‘ಅನೀಮಿಯಾ’ದಲ್ಲಿ ಹೈಮಶಬ್ದದ ಹಕಾರವು ಲೋಪಿಸಿ ಸ್ವರವೇ ಮೊದಲಾಗಿದೆ. ನಮ್ಮ ನಞ್‌ಸಮಾಸದ ರೀತಿಯೂ ಇದೇ: ಅಧರ್ಮ, ಅನಂತ. ಪಾಣಿನಿಯು ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ನಕಾರಲೋಪವನ್ನೂ, ಸ್ವರಾದಿಪದಕ್ಕೆ ನುಡಾಗಮವನ್ನೂ ವಿಧಿಸಿದ್ದಾನೆ. ಇದು ಒಬ್ಬರಿಂದೊಬ್ಬರು ತಂದ ಸಾಲವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಏಕಮೂಲದವಾಗಿರಬೇಕೆಂದು 1786ರಲ್ಲಿ ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯಲ್ಲಿ ಸೂಚಿಸಿದನು. ತರುವಾಯ ಬೆಳೆದ ಭಾಷಾಶಾಸ್ತ್ರವು ಈ ಎರಡು ‘ಅ’ಕಾರಗಳನ್ನೂ ಒಂದೇ ಬೇರಿನ ಚಿಗುರುಗಳೆಂದು ನಿರ್ಣಯಿಸಿದೆ. ಗ್ರೀಕರ ‘ಅಂಬ್ರೊಟೊಸ್’ ಎಂಬುದು ಧಾತುವಿನಲ್ಲಿಯೂ ಅರ್ಥದಲ್ಲಿಯೂ ನಮ್ಮ ‘ಅಮೃತ’ವೇ.

ಆದರೆ ಆದಿಯಲ್ಲಿ ‘ಅನ್’ ಕೇಳಿಸಿದ ಮಾತ್ರಕ್ಕೆ ನಿಷೇಧವೆನ್ನಲಾಗದು. ‘ಆಟಂ’ ಎಂದರೆ ಕತ್ತರಿಸಲಾಗದ್ದು. ಇಲ್ಲಿರುವುದು ನಞರ್ಥದ ‘ಅ’. ‘ಅನಾಟಮಿ’ಯಲ್ಲಿಯೂ ಕತ್ತರಿಸುವ ಅದೇ ಧಾತುವಿದ್ದರೂ, ಅಲ್ಲಿಯ ಪೂರ್ವಪದವು ‘ಅನ’ ಎಂಬ ಬೇರೊಂದು ಉಪಸರ್ಗ. ಆಟಮನ್ನು ಒಡೆದ ಮೇಲೂ ಹೆಸರು ಉಳಿದಿರುವುದು ರೂಢಿಯ ಬಲದಿಂದ.

ಇನ್ನು ಪ್ರಕೃತ ಶಂಕೆ. ನಞಿಗೆ ನಮ್ಮ ವೈಯಾಕರಣರು ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತ್ವ, ಅಪ್ರಾಶಸ್ತ್ಯ, ವಿರೋಧ ಎಂಬ ಆರು ಅರ್ಥಗಳನ್ನು ಎಣಿಸುತ್ತಾರೆ. ‘ಅನುದರಾ ಕನ್ಯಾ’ ಎಂದರೆ ಹೊಟ್ಟೆಯೇ ಇಲ್ಲದವಳಲ್ಲ, ಕೃಶೋದರಿ, ಇದು ಅಲ್ಪತ್ವ. ‘ಅನೀಮಿಯಾ’ವನ್ನೂ ಹಾಗೆಯೇ ಗ್ರಹಿಸಬೇಕು. ರಕ್ತದಲ್ಲಿ ಕೆಂಪುಕಣಗಳೋ ಹಿಮೋಗ್ಲೋಬಿನ್ನೋ ಇರಬೇಕಾದುದಕ್ಕಿಂತ ಕಡಮೆಯೆಂದು ವೈದ್ಯರ ಅಭಿಪ್ರಾಯ. ‘ರಕ್ತಹೀನತೆ’ಯೆಂಬ ನಮ್ಮ ಪದದಲ್ಲಿಯೂ ಹೀನವೆಂದರೆ ನ್ಯೂನವೆಂದೇ ಭಾವಿಸತಕ್ಕದ್ದು.

ಕನ್ನಡದಲ್ಲಿ ಪಾರಿಭಾಷಿಕ ಪದಗಳನ್ನು ರಚಿಸುವವರಿಗೆ ಒಂದು ಮಾತು. ಈ ‘ಅ’ಕಾರವು ಅಚ್ಚಗನ್ನಡ ಪದಗಳಿಗೆ ಹತ್ತುವುದಿಲ್ಲ, ‘ಅನೆತ್ತರು’ ಎಂದರೆ ಕಿವಿಯೇ ಒಪ್ಪದು. ಕನ್ನಡವು ನಿಷೇಧವನ್ನು ಪದದ ಹಿಂದಲ್ಲ, ಮುಂದೆ ಇಡುತ್ತದೆ. ‘ಅನೀಸ್ತೀಷಿಯಾ’ಕ್ಕೆ ‘ಅರಿವಳಿಕೆ’ ಎಂದವರು ಈ ಮರ್ಮವನ್ನು ಬಲ್ಲವರು. ಪೂರ್ವಪದವನ್ನು ಅಕ್ಷರಶಃ ತಿರುಗಿಸದೆ, ಆರು ಅರ್ಥಗಳಲ್ಲಿ ಯಾವುದೆಂದು ಮೊದಲು ನಿಶ್ಚಯಿಸಬೇಕು. ಇಲ್ಲವಾದರೆ ಆ ಹುಡುಗನಂತೆ ಎಷ್ಟೋ ಮಂದಿ ಶಬ್ದದಿಂದಲೇ ಭಯಪಟ್ಟಾರು.