ವೇಗ ಸಾಕಷ್ಟಿದ್ದರೂ ಗ್ಲೈಡರ್ ಸ್ಟಾಲ್ ಆಗಬಹುದೇ?

ವೇಗದ ಮುಳ್ಳು ಸ್ಟಾಲ್ ವೇಗಕ್ಕಿಂತ ಮೇಲಿದ್ದರೆ ಗ್ಲೈಡರಿಗೆ ಅಪಾಯವಿಲ್ಲ, ಆ್ಯಂಗಲ್ ಆಫ್ ಅಟ್ಯಾಕ್ ತೋರಿಸುವ ಸಾಧನ ಬೇಕಿರುವುದು ಯುದ್ಧವಿಮಾನಗಳಿಗೆ ಎಂದು ಅನೇಕರು ನಂಬಿದ್ದಾರೆ. ಈ ನಂಬಿಕೆಯನ್ನು ಬಿಡಲೇಬೇಕು.

ರೆಕ್ಕೆ ಸೋಲುವುದು ಕೋನಕ್ಕೆ. ಎದುರು ಗಾಳಿಗೂ ರೆಕ್ಕೆಗೂ ನಡುವಿನ ಕೋನ, ಅಂದರೆ ಆ್ಯಂಗಲ್ ಆಫ್ ಅಟ್ಯಾಕ್, ಸುಮಾರು 15 ಡಿಗ್ರಿ ದಾಟಿತೆಂದರೆ, ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಹೋಗಿ ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ನೇರ ಹಾರಾಟದಲ್ಲಿ ಗಂಟೆಗೆ 70 ಕಿ.ಮೀ.ನಲ್ಲಿ ಸ್ಟಾಲ್ ಆಗುವ ಗ್ಲೈಡರ್, ಒಂದೇ ಸಮನೆ 45 ಡಿಗ್ರಿ ವಾಲಿ ತಿರುಗುವಾಗ 83ರಲ್ಲೇ ಸ್ಟಾಲ್ ಆಗುತ್ತದೆ. 60 ಡಿಗ್ರಿ ವಾಲಿದರೆ 99ರಲ್ಲಿ. ಭಾರ ಹೆಚ್ಚಿಸಲೆಂದು ರೆಕ್ಕೆಯೊಳಗೆ ನೀರು ತುಂಬಿದ್ದರೆ ಇನ್ನೂ ಹೆಚ್ಚಿನ ವೇಗದಲ್ಲೇ. ಕೋನ ಮಾತ್ರ ಬದಲಾಗದು.

ಬಿಸಿಯಾಗಿ ಮೇಲೇಳುವ ಗಾಳಿಯ ಕಂಬವಾದ ಥರ್ಮಲ್‌ನ ಅಂಚಿನಲ್ಲಿ ಏನಾಗುತ್ತದೆ ನೋಡಿ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಆ ವೇಗದಲ್ಲಿರುವ ಗ್ಲೈಡರ್, ಸೆಕೆಂಡಿಗೆ 3 ಮೀಟರಿನಂತೆ ಮೇಲೇಳುವ ಗಾಳಿಗೆ ಥಟ್ಟನೆ ನುಗ್ಗಿದರೆ ಕೋನ ಒಮ್ಮೆಲೇ ಸುಮಾರು 7 ಡಿಗ್ರಿ ಏರುತ್ತದೆ. ವೇಗದ ಮುಳ್ಳು ಆಗ ಹೆಚ್ಚೇನೂ ಕದಲುವುದಿಲ್ಲ. ಆದರೆ 9 ಡಿಗ್ರಿಯಲ್ಲಿ ಸುತ್ತುತ್ತಿದ್ದ ರೆಕ್ಕೆ ಅಷ್ಟರಲ್ಲಿ ಮಿತಿ ದಾಟಿರುತ್ತದೆ.

ದುಬಾರಿ ಎಲೆಕ್ಟ್ರಾನಿಕ್ ಸಾಧನವೇ ಬೇಕು ಎಂಬುದೂ ಸರಿಯಲ್ಲ. ಕ್ಯಾನೊಪಿಯ ಪಕ್ಕದ ಗಾಜಿಗೆ ಅಂಟಿಸಿದ ಗೇಣುದ್ದದ ಉಣ್ಣೆ ದಾರ ಸಾಕು. ಕೋನ ಹೆಚ್ಚಿದಂತೆ ದಾರದ ಹಿಂತುದಿ ಮೇಲೇಳುತ್ತದೆ. ಸಾಕಷ್ಟು ಎತ್ತರದಲ್ಲಿ, ಬೋಧಕರ ಜೊತೆ ಹಾರಿ, ಸ್ಟಾಲ್ ಶುರುವಾಗುವಾಗ ದಾರ ಎಲ್ಲಿರುತ್ತದೋ ಅಲ್ಲೊಂದು ಟೇಪ್ ಗುರುತು ಹಾಕಿ; ನೇರ ಹಾರಾಟದಲ್ಲೂ ಕಡಿದಾದ ತಿರುವಿನಲ್ಲೂ ದಾರ ಹೆಚ್ಚುಕಡಿಮೆ ಅದೇ ಗುರುತಿಗೆ ಬರುತ್ತದೆ. ಇದನ್ನು ಕಣ್ಣಾರೆ ಕಂಡವರಿಗೆ ಬೇರೆ ಪುರಾವೆ ಬೇಡ.

ಹಾಗೆಂದು ದಾರವನ್ನೇ ಕುರುಡಾಗಿ ನಂಬುವಂತಿಲ್ಲ. ಗ್ಲೈಡರ್ ಅಡ್ಡಡ್ಡ ಜಾರುತ್ತಿದ್ದರೆ ಪಕ್ಕದ ದಾರ ತಪ್ಪು ತೋರಿಸುತ್ತದೆ. ಅದಕ್ಕೇ, ಅಡ್ಡಜಾರು ತೋರಿಸಲು ಮುಂದಿನ ಗಾಜಿಗೆ ಅಂಟಿಸಿರುವ ದಾರ ನೆಟ್ಟಗಿರುವಾಗ ಮಾತ್ರ ಪಕ್ಕದ ದಾರವನ್ನು ಓದಬೇಕು. ಫ್ಲ್ಯಾಪ್ ಇರುವ ಗ್ಲೈಡರಿನಲ್ಲಿ ಒಂದೊಂದು ಫ್ಲ್ಯಾಪ್ ಸ್ಥಾನಕ್ಕೂ ಒಂದೊಂದು ಗುರುತು ಬೇಕು. ಅತಿ ದೂರ ಸಾಗುವ ಕೋನಕ್ಕೂ ಹೀಗೇ ಗುರುತು ಹಾಕಬಹುದು; ನಿಶ್ಚಲ ಗಾಳಿಯಲ್ಲಿ ಭಾರ ಎಷ್ಟೇ ಇರಲಿ, ಆ ಕೋನ ಒಂದೇ. ಆದರೆ ಎದುರುಗಾಳಿಯಲ್ಲೋ ಕೆಳಗಿಳಿಯುವ ಗಾಳಿಯಲ್ಲೋ ಅದೇ ಕೋನಕ್ಕೆ ಜೋತುಬಿದ್ದರೆ ದೂರ ಕಡಿಮೆಯಾಗುತ್ತದೆ. ಅಲ್ಲಿ ಮೂತಿ ತಗ್ಗಿಸಿ ವೇಗ ಹೆಚ್ಚಿಸಲೇಬೇಕು.

ಇಳಿಯುವ ಮುನ್ನ, ನೆಲಕ್ಕೆ ಹತ್ತಿರದ ಕೊನೆಯ ತಿರುವಿನಲ್ಲಿ ರನ್‌ವೇ ದಾಟಿಹೋಗುತ್ತಿದೆ ಎಂದು ರಡ್ಡರ್ ಒತ್ತಿ, ಸ್ಟಿಕ್ ಎಳೆದರೆ, ಸ್ಟಾಲ್ ಆಗಿ ಸುತ್ತುತ್ತ ಬೀಳುವ ಸ್ಪಿನ್ ಶುರುವಾಗಬಹುದು. ಅಷ್ಟು ಕೆಳಗೆ ಚೇತರಿಸಿಕೊಳ್ಳಲು ಎತ್ತರವಿರುವುದಿಲ್ಲ. ಸಾಧನ ಎಚ್ಚರಿಸಬಲ್ಲದು, ಸ್ಟಿಕ್ ಮುಂದೆ ಬಿಡಬೇಕಾದದ್ದು ಪೈಲಟ್‌ನ ಕೈ. ಆ ಅಭ್ಯಾಸ ಸಾವಿರ ಮೀಟರ್ ಎತ್ತರದಲ್ಲೇ ಕೈಗೆ ಹತ್ತಿರಬೇಕು.